ಡಿಜಿಟಲ್ ಕಲಿಕೆಗೆ ಬರುವ ಅನುದಾನ: ಠರಾವು ಅಂಗೀಕರಿಸುವ ಮುನ್ನ ಗ್ರಾಮ ಪಂಚಾಯತಿ ಸದಸ್ಯರು ತಿಳಿಯಬೇಕಾದ ಸಂಗತಿಗಳು

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯ ಮುಂದೆ ಒಂದು ಪತ್ರ ಬರುತ್ತದೆ. ರಾಯಚೂರು ನಗರದಲ್ಲಿ ಕಚೇರಿ ಹೊಂದಿರುವ ಸ್ವಯಂಸೇವಾ ಸಂಸ್ಥೆಯೊಂದು ಕಂಪನಿಯೊಂದರ ಅನುದಾನ ಪಡೆದು ದೇವದುರ್ಗ ಅಥವಾ ಮಾನ್ವಿ ತಾಲ್ಲೂಕಿನ ಗ್ರಾಮದಲ್ಲಿ ಮಹಿಳೆಯರಿಗೂ ಯುವಜನರಿಗೂ ಮೊಬೈಲ್ ಮತ್ತು ಕಂಪ್ಯೂಟರ್ ಬಳಕೆ ಕಲಿಸಲು ಮುಂದೆ ಬಂದಿರುತ್ತದೆ. ಪಂಚಾಯತಿಯಿಂದ ಅದು ಕೇಳುವುದು ಒಂದು ಕೊಠಡಿ, ವಿದ್ಯುತ್ ಸಂಪರ್ಕ ಮತ್ತು ನಿರಾಕ್ಷೇಪಣಾ ಪತ್ರ. ಖರ್ಚಿಲ್ಲದ ಕೆಲಸವೆಂದು ಸಭೆಯು ಚರ್ಚೆಯಿಲ್ಲದೆ ಠರಾವು ಅಂಗೀಕರಿಸುತ್ತದೆ. ಎರಡು ಮೂರು ವರ್ಷಗಳಲ್ಲಿ ಅನುದಾನ ಮುಗಿಯುತ್ತದೆ, ತರಬೇತುದಾರರು ಹಿಂತಿರುಗುತ್ತಾರೆ. ಆಗ ಆ ಕೊಠಡಿಯಲ್ಲಿ ಏನು ಉಳಿಯುತ್ತದೆ ಎಂಬುದು ಬಹುಮಟ್ಟಿಗೆ ಆರಂಭದ ಠರಾವಿನಲ್ಲಿ ಏನು ಬರೆಯಲಾಗಿತ್ತು ಎಂಬುದನ್ನೇ ಅವಲಂಬಿಸಿರುತ್ತದೆ.

ಇಂತಹ ಅನುದಾನ ಎಲ್ಲಿಂದ ಬರುತ್ತದೆ, ಅದಕ್ಕೆ ಯಾವ ನಿಯಮಗಳಿವೆ, ಸದಸ್ಯರು ಯಾವ ಪ್ರಶ್ನೆಗಳನ್ನು ಕೇಳಬೇಕು ಮತ್ತು ಒಡಂಬಡಿಕೆಯಲ್ಲಿ ಏನನ್ನು ಬರೆಯಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಈ ಕಲಿಕೆಯ ಅವಶ್ಯಕತೆ

2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56. ಪುರುಷರಲ್ಲಿ ಇದು ಶೇ. 70.47 ಇದ್ದರೆ ಮಹಿಳೆಯರಲ್ಲಿ ಶೇ. 48.73 ಮಾತ್ರ. ಅದೇ ವರ್ಷ ರಾಜ್ಯದ ಸರಾಸರಿ ಶೇ. 75.36 ಇತ್ತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಸಲ್ಲಿಸಿದ ವರದಿಯಲ್ಲಿ ದೇವದುರ್ಗ ಮತ್ತು ಮಾನ್ವಿ ಎರಡೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು.

ಈ ಅವಧಿಯಲ್ಲಿಯೇ ಸರ್ಕಾರದ ಸೇವೆಗಳು ಒಂದೊಂದಾಗಿ ಮೊಬೈಲ್ ಪರದೆಗೆ ಬಂದಿವೆ. ಪಹಣಿ, ಬೆಳೆ ಸಮೀಕ್ಷೆ, ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ನೋಂದಣಿ, ವಿದ್ಯಾರ್ಥಿ ವೇತನದ ಅರ್ಜಿ, ಪಿಂಚಣಿಯ ಸ್ಥಿತಿ, ಎಲ್ಲಕ್ಕೂ ಆಧಾರ್, ಬ್ಯಾಂಕ್ ಖಾತೆ ಮತ್ತು ಮೊಬೈಲ್‌ಗೆ ಬರುವ ಒ.ಟಿ.ಪಿ. ಬೇಕು. 2023ರ ಜನವರಿಯಿಂದ ಉದ್ಯೋಗ ಖಾತ್ರಿ ಕಾಮಗಾರಿಗಳ ಹಾಜರಾತಿಯನ್ನು ಮೊಬೈಲ್ ಆ್ಯಪ್‌ನಲ್ಲಿ ಛಾಯಾಚಿತ್ರದೊಂದಿಗೆ ದಾಖಲಿಸುವುದು ಕಡ್ಡಾಯವಾಯಿತು. ಅದೇ ವರ್ಷ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2,000 ರೂಪಾಯಿ ನೇರವಾಗಿ ಕುಟುಂಬದ ಯಜಮಾನಿಯ ಖಾತೆಗೆ ಜಮೆಯಾಗುತ್ತದೆ.

ಮೊಬೈಲ್ ಬಳಸಲು ಬಾರದವರು ಈ ಎಲ್ಲ ಕೆಲಸಕ್ಕೂ ಇನ್ನೊಬ್ಬರ ಕೈಗೆ ಫೋನ್ ಕೊಡಬೇಕಾಗುತ್ತದೆ. ಹಣ ಜಮೆಯಾಗಿದೆಯೇ ಎಂದು ನೋಡಿ ಹೇಳಲು ಶುಲ್ಕ ತೆರಬೇಕಾಗುತ್ತದೆ, ಒ.ಟಿ.ಪಿ. ಓದಿ ಹೇಳಬೇಕಾಗುತ್ತದೆ. ಬೆರಳಚ್ಚಿನ ಯಂತ್ರದ ಮೇಲೆ ಎರಡನೆಯ ಬಾರಿ ಬೆರಳಿಡಿ ಎಂದಾಗ ಮೊದಲನೆಯ ಬಾರಿ ಹಣ ಕಡಿತವಾಯಿತೇ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಡಿಜಿಟಲ್ ಕಲಿಕೆಯ ಪ್ರಶ್ನೆಯು ಬಡ ಕುಟುಂಬದ ಕೂಲಿ ಹಣ ಮತ್ತು ಪಿಂಚಣಿ ಹಣದ ರಕ್ಷಣೆಯ ಪ್ರಶ್ನೆಯೂ ಆಗಿದೆ. ಈ ದೃಷ್ಟಿಯಿಂದಲೇ ಸದಸ್ಯರು ಸಂಸ್ಥೆಗಳ ಪ್ರಸ್ತಾವನೆಗಳನ್ನು ಪರಿಶೀಲಿಸುವುದು ಸೂಕ್ತ.

2. ಅನುದಾನದ ಮೂಲಗಳು

ಸ್ವಯಂಸೇವಾ ಸಂಸ್ಥೆಗಳಿಗೆ ಈ ಕೆಲಸಕ್ಕಾಗಿ ಹಣ ಮುಖ್ಯವಾಗಿ ಮೂರು ಕಡೆಗಳಿಂದ ಬರುತ್ತದೆ.

ಮೊದಲನೆಯದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ, ಅಂದರೆ ಸಿ.ಎಸ್.ಆರ್. 2013ರ ಕಂಪನಿ ಕಾಯಿದೆಯ 135ನೇ ಪ್ರಕರಣವು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, 1,000 ಕೋಟಿ ರೂಪಾಯಿ ವಹಿವಾಟು ಅಥವಾ 5 ಕೋಟಿ ರೂಪಾಯಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ತಲುಪಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕು. ಸರಾಸರಿ ಲಾಭ 100 ಕೋಟಿ ಇದ್ದರೆ ಈ ಮೊತ್ತ 2 ಕೋಟಿ ರೂಪಾಯಿ. ಶಿಕ್ಷಣ ಮತ್ತು ಜೀವನೋಪಾಯ ಕೌಶಲ್ಯಗಳು ಕಾಯಿದೆಯ ಏಳನೇ ಅನುಸೂಚಿಯಲ್ಲಿ ಸೇರಿವೆ. ಕಂಪನಿಯು ತಾನು ಕಾರ್ಯನಿರ್ವಹಿಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಕಾಯಿದೆ ಹೇಳುತ್ತದೆ. ಜಿಲ್ಲೆಯಲ್ಲಿಯೇ ಹಟ್ಟಿ ಚಿನ್ನದ ಗಣಿ ಕಂಪನಿ ಇದೆ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರವನ್ನು ಕರ್ನಾಟಕ ವಿದ್ಯುತ್ ನಿಗಮ ನಡೆಸುತ್ತಿದೆ. ಇದಲ್ಲದೆ 2018ರಲ್ಲಿ ಆರಂಭವಾದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದ ಎರಡು ಜಿಲ್ಲೆಗಳಲ್ಲಿ ಯಾದಗಿರಿಯೊಂದಿಗೆ ರಾಯಚೂರು ಒಂದು. ಕೇಂದ್ರ ಸರ್ಕಾರದ ಸಾರ್ವಜನಿಕ ಉದ್ಯಮಗಳಿಗೆ ಇಂತಹ ಜಿಲ್ಲೆಗಳನ್ನು ಆದ್ಯತೆಯ ಮೇಲೆ ಪರಿಗಣಿಸುವಂತೆ ಸೂಚನೆ ಇದೆ. ದೂರದ ಕಂಪನಿಗಳೂ ರಾಯಚೂರಿನ ಹೆಸರನ್ನು ಆರಿಸಿಕೊಳ್ಳುವುದಕ್ಕೆ ಇದು ಒಂದು ಕಾರಣ.

ಎರಡನೆಯದು ದಾನಿ ಪ್ರತಿಷ್ಠಾನಗಳು ಮತ್ತು ವಿದೇಶಿ ವಂತಿಗೆ. ವಿದೇಶದಿಂದ ಹಣ ಪಡೆಯುವ ಸಂಸ್ಥೆಯು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಹೊಂದಿರಬೇಕು. 2020ರ ತಿದ್ದುಪಡಿಯ ನಂತರ ಹೀಗೆ ಪಡೆದ ಹಣವನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚ ಶೇ. 20ನ್ನು ಮೀರುವಂತಿಲ್ಲ. "ಹಣ ದೊಡ್ಡ ಸಂಸ್ಥೆಗೆ ವಿದೇಶದಿಂದ ಬರುತ್ತದೆ, ಅದು ನಮಗೆ ಕೊಡುತ್ತದೆ" ಎಂದು ಸ್ಥಳೀಯ ಸಂಸ್ಥೆಯೊಂದು ಹೇಳಿದರೆ ಸದಸ್ಯರು ಅಲ್ಲಿಯೇ ವಿವರಣೆ ಕೇಳಬೇಕು.

ಮೂರನೆಯದು ಸರ್ಕಾರದ ಯೋಜನೆಗಳು ಮತ್ತು ನಿಧಿಗಳು. ಗಣಿಗಾರಿಕೆಯಿಂದ ಬಾಧಿತವಾದ ಪ್ರದೇಶಗಳಿಗಾಗಿ 2015ರಿಂದ ರಚನೆಯಾದ ಜಿಲ್ಲಾ ಖನಿಜ ಪ್ರತಿಷ್ಠಾನದ ಆದ್ಯತಾ ವಲಯಗಳಲ್ಲಿ ಶಿಕ್ಷಣ ಮತ್ತು ಕೌಶಲ್ಯಾಭಿವೃದ್ಧಿ ಸೇರಿವೆ. ಡಿಜಿಟಲ್ ಸಾಕ್ಷರತೆಗೆಂದೇ ರೂಪಿಸಿದ ಅತಿ ದೊಡ್ಡ ಕೇಂದ್ರ ಯೋಜನೆ ಈಗ ಮುಕ್ತಾಯಗೊಂಡಿದೆ. ಅದರ ಅನುಭವ ಮುಂದಿನ ಪ್ರಸ್ತಾವನೆಗಳಿಗೆ ಪಾಠವಾಗುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು.

3. ಹಣ ಪಾವತಿಸುವ ವಿಧಾನ ಮತ್ತು ಫಲಿತಾಂಶ

ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನಕ್ಕೆ 2017ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟದ ಅನುಮೋದನೆ ದೊರೆಯಿತು. ಅಂದಾಜು ವೆಚ್ಚ 2,351.38 ಕೋಟಿ ರೂಪಾಯಿ. ಗುರಿ 6 ಕೋಟಿ ಗ್ರಾಮೀಣ ಕುಟುಂಬಗಳು. ಪ್ರತಿ ಕುಟುಂಬದಿಂದ 14ರಿಂದ 60 ವರ್ಷದೊಳಗಿನ ಒಬ್ಬರಿಗೆ 20 ಗಂಟೆಗಳ ತರಬೇತಿ, ನಂತರ ಆನ್‌ಲೈನ್ ಪರೀಕ್ಷೆ. ಅಭ್ಯರ್ಥಿಯು ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಪ್ರಮಾಣಪತ್ರ ಪಡೆದ ಮೇಲೆ ತರಬೇತಿ ಸಂಸ್ಥೆಗೆ ತಲಾ 300 ರೂಪಾಯಿ ಪಾವತಿ. ಯೋಜನೆ 2024ರ ಮಾರ್ಚ್ 31ಕ್ಕೆ ಮುಗಿಯುವ ವೇಳೆಗೆ ದೇಶದಲ್ಲಿ 7.35 ಕೋಟಿ ಜನ ನೋಂದಣಿಯಾಗಿದ್ದರು, 6.39 ಕೋಟಿ ಜನ ತರಬೇತಿ ಪಡೆದಿದ್ದರು, 4.77 ಕೋಟಿ ಜನರಿಗೆ ಪ್ರಮಾಣಪತ್ರ ದೊರೆತಿತ್ತು. ಅಂದರೆ ನೋಂದಣಿಯಾದ ಪ್ರತಿ ಮೂವರಲ್ಲಿ ಸುಮಾರು ಇಬ್ಬರು ಕೊನೆಯ ಹಂತ ತಲುಪಿದರು.

ಗಾತ್ರದ ದೃಷ್ಟಿಯಿಂದ ಇದು ಸಣ್ಣ ಸಾಧನೆಯಲ್ಲ. ಆದರೆ ಪಾವತಿಯ ಲೆಕ್ಕವನ್ನು ಗಮನಿಸಬೇಕು. 20 ಗಂಟೆಗೆ 300 ರೂಪಾಯಿ ಎಂದರೆ ಒಬ್ಬ ಕಲಿಕಾರ್ಥಿಗೆ ಗಂಟೆಗೆ 15 ರೂಪಾಯಿ. ಇಪ್ಪತ್ತು ಜನರ ತಂಡದಲ್ಲಿ ಎಲ್ಲರೂ ಉತ್ತೀರ್ಣರಾದರೆ ಸಂಸ್ಥೆಗೆ 6,000 ರೂಪಾಯಿ, ಹನ್ನೆರಡು ಜನ ಮಾತ್ರ ಉತ್ತೀರ್ಣರಾದರೆ 3,600 ರೂಪಾಯಿ. ಬಾಡಿಗೆ, ವಿದ್ಯುತ್, ಯಂತ್ರಗಳ ಸವಕಳಿ ಮತ್ತು ತರಬೇತುದಾರರ ಸಂಭಾವನೆ ಎಲ್ಲವೂ ಇದರಲ್ಲಿಯೇ ಆಗಬೇಕು. ಹೀಗಿರುವಾಗ ಪಿ.ಯು.ಸಿ. ಓದುತ್ತಿರುವ ಹುಡುಗನನ್ನು ಸೇರಿಸಿಕೊಂಡರೆ ಸಂಸ್ಥೆಗೆ ಹಣ ಖಚಿತ. ಅಕ್ಷರ ಬಾರದ ನಲವತ್ತೈದು ವರ್ಷದ ಕೂಲಿಕಾರ ಮಹಿಳೆಯನ್ನು ಸೇರಿಸಿಕೊಂಡರೆ ಶ್ರಮ ಎರಡು ಪಟ್ಟು, ಹಣ ಅನಿಶ್ಚಿತ. ಯಾರಿಗೆ ಕಲಿಕೆಯ ಅಗತ್ಯ ಹೆಚ್ಚೋ ಅವರನ್ನು ಹೊರಗಿಡುವ ಒತ್ತಡ ಪಾವತಿಯ ವಿಧಾನದಲ್ಲಿಯೇ ಅಡಗಿತ್ತು. ಇದಕ್ಕೆ ಯಾರ ದುರುದ್ದೇಶವೂ ಬೇಕಾಗಿಲ್ಲ.

ಆದ್ದರಿಂದ ಹೊಸ ಪ್ರಸ್ತಾವನೆ ಬಂದಾಗ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ: ದಾನಿಯು ಸಂಸ್ಥೆಗೆ ಯಾವುದರ ಲೆಕ್ಕದ ಮೇಲೆ ಹಣ ನೀಡುತ್ತಾರೆ? ಹಾಜರಾತಿಯ ಮೇಲೆಯೇ, ಪ್ರಮಾಣಪತ್ರದ ಮೇಲೆಯೇ, ಅಥವಾ ಆರು ತಿಂಗಳ ನಂತರವೂ ಕಲಿತವರು ಆ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಿದ್ದಾರೆಯೇ ಎಂಬುದರ ಮೇಲೆಯೇ? ಈ ಉತ್ತರದಿಂದ ಸಂಸ್ಥೆ ಯಾರನ್ನು ಕಲಿಸಲಿದೆ ಎಂಬುದು ತಿಳಿಯುತ್ತದೆ.

4. ಸಂಸ್ಥೆಯ ಅರ್ಹತೆಯ ಪರಿಶೀಲನೆ

ಠರಾವಿಗೆ ಮುನ್ನ ಈ ಕೆಳಗಿನ ದಾಖಲೆಗಳ ಪ್ರತಿಗಳನ್ನು ಪಡೆದು ಕಡತದಲ್ಲಿರಿಸುವಂತೆ ಸಭೆಯು ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಸೂಚಿಸಬಹುದು.

ಅ) 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ಅಥವಾ ನ್ಯಾಸವಾಗಿ ಪಡೆದ ನೋಂದಣಿ ಪತ್ರ ಮತ್ತು ಆಡಳಿತ ಮಂಡಳಿಯ ಇತ್ತೀಚಿನ ಪಟ್ಟಿ.

ಆ) ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಗುರುತಿನ ಸಂಖ್ಯೆ.

ಇ) ಆದಾಯ ತೆರಿಗೆ ಕಾಯಿದೆಯ 12ಎ ಮತ್ತು 80ಜಿ ನೋಂದಣಿ.

ಈ) ಸಿ.ಎಸ್.ಆರ್. ಹಣವಾದರೆ ಸಿ.ಎಸ್.ಆರ್.-1 ನಮೂನೆಯಲ್ಲಿ ಪಡೆದ ನೋಂದಣಿ ಸಂಖ್ಯೆ. 2021ರ ಏಪ್ರಿಲ್ 1ರಿಂದ ಇದು ಕಡ್ಡಾಯ.

ಉ) ಹಿಂದಿನ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ.

ಊ) ದಾನಿಯ ಮಂಜೂರಾತಿ ಪತ್ರ: ಮೊತ್ತ, ಅವಧಿ ಮತ್ತು ಗ್ರಾಮಗಳ ಹೆಸರು ಸಹಿತ.

ಕೊನೆಯದನ್ನು ಅನೇಕ ಕಡೆ ಯಾರೂ ಕೇಳುವುದಿಲ್ಲ. ಮಂಜೂರಾತಿ ಪತ್ರವನ್ನು ನೋಡದಿದ್ದರೆ ತಮ್ಮ ಗ್ರಾಮದ ಹೆಸರಿನಲ್ಲಿ ಎಷ್ಟು ಹಣ ಬಂದಿದೆ ಎಂಬುದು ಪಂಚಾಯತಿಗೆ ತಿಳಿಯುವುದೇ ಇಲ್ಲ. ಯಾವ ಕಂಪನಿ ಯಾವ ಜಿಲ್ಲೆಯಲ್ಲಿ ಸಿ.ಎಸ್.ಆರ್. ವೆಚ್ಚ ತೋರಿಸಿದೆ ಎಂಬ ವಿವರ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿ.ಎಸ್.ಆರ್. ಪೋರ್ಟಲ್‌ನಲ್ಲಿ ಸಾರ್ವಜನಿಕರಿಗೆ ಲಭ್ಯವಿದೆ. ಅದನ್ನು ಪಂಚಾಯತಿ ಕಚೇರಿಯಲ್ಲಿಯೇ ತೆರೆದು ನೋಡಬಹುದು.

ಆಡಳಿತ ವೆಚ್ಚ ಶೇ. 5ಕ್ಕಿಂತ ಹೆಚ್ಚಿರಬಾರದು ಎಂಬ ನಿಯಮವನ್ನು ಸಂಸ್ಥೆಯ ವೆಚ್ಚಕ್ಕೆ ಅನ್ವಯಿಸಿ ಹೇಳುವುದುಂಟು. ಆ ಮಿತಿ ಇರುವುದು ಕಂಪನಿಯು ತನ್ನ ಸಿ.ಎಸ್.ಆರ್. ವಿಭಾಗದ ಸಾಮಾನ್ಯ ಆಡಳಿತಕ್ಕೆ ಮಾಡುವ ವೆಚ್ಚಕ್ಕೆ. ತರಬೇತುದಾರರ ಸಂಭಾವನೆ, ಪ್ರಯಾಣ, ಮೇಲ್ವಿಚಾರಣೆ ಇವು ಯೋಜನೆಯದೇ ವೆಚ್ಚಗಳು. ತರಬೇತುದಾರರಿಗೆ ನ್ಯಾಯವಾದ ಸಂಭಾವನೆ ತೋರಿಸಿದ ಸಂಸ್ಥೆಯನ್ನು ಅದೇ ಕಾರಣಕ್ಕೆ ಸಂಶಯಿಸಬಾರದು. ಹಾಗೆಯೇ, ತನ್ನ ಸರಕು ಅಥವಾ ಆ್ಯಪ್‌ನ ಪ್ರಚಾರಕ್ಕಾಗಿ ಕಂಪನಿ ನಡೆಸುವ ಪ್ರಾಯೋಜಿತ ಶಿಬಿರ ನಿಯಮಗಳ ಪ್ರಕಾರ ಸಿ.ಎಸ್.ಆರ್. ಆಗುವುದಿಲ್ಲ. ರಾಜಕೀಯ ಪಕ್ಷಕ್ಕೆ ನೀಡಿದ ದೇಣಿಗೆಯೂ ಆಗುವುದಿಲ್ಲ.

ಸದಸ್ಯರಾಗಲಿ ಅವರ ಕುಟುಂಬದವರಾಗಲಿ ಸಂಸ್ಥೆಯ ಆಡಳಿತ ಮಂಡಳಿಯಲ್ಲಿದ್ದರೆ ಅದನ್ನು ಸಭೆಯಲ್ಲಿ ಮೊದಲೇ ತಿಳಿಸಿ, ಆ ವಿಷಯದ ಚರ್ಚೆಯಿಂದ ದೂರವಿರುವುದು ಒಳ್ಳೆಯದು. ಪಂಚಾಯತಿಯೊಂದಿಗಿನ ಕರಾರಿನಲ್ಲಿ ಸದಸ್ಯರು ಪಾಲು ಅಥವಾ ಹಿತಾಸಕ್ತಿ ಹೊಂದುವುದು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಡಿ ಅನರ್ಹತೆಗೆ ಕಾರಣವಾಗಬಲ್ಲದು.

5. ಸ್ಥಳ, ಕಾಲ ಮತ್ತು ಭಾಷೆ

ರಾಯಚೂರು ನಗರದಿಂದ ದೇವದುರ್ಗಕ್ಕೂ ಮಾನ್ವಿಗೂ ಸುಮಾರು ಐವತ್ತು ಕಿಲೋಮೀಟರ್. ಅಲ್ಲಿಂದ ಮುಂದೆ ಹಳ್ಳಿ, ದೊಡ್ಡಿ, ತಾಂಡಾಗಳಿಗೆ ಹೋಗಬೇಕು. ನಗರದ ಸಭಾಂಗಣದಲ್ಲಿ ಅಥವಾ ತಾಲ್ಲೂಕು ಕೇಂದ್ರದಲ್ಲಿ ನಡೆಯುವ ತರಬೇತಿಗೆ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಹಣ ಕೊಟ್ಟು ಬರುವವರು ಕಡಿಮೆ. ಬಂದವರಲ್ಲಿ ಮಹಿಳೆಯರು ಇನ್ನೂ ಕಡಿಮೆ. ಆದ್ದರಿಂದ ತರಬೇತಿಯ ಸ್ಥಳ ಗ್ರಾಮದಲ್ಲಿಯೇ ಇರಬೇಕು. ದೊಡ್ಡಿ ಮತ್ತು ತಾಂಡಾಗಳಿಗೆ ವಾರದಲ್ಲಿ ನಿಗದಿತ ದಿನ ತರಬೇತುದಾರರೇ ಹೋಗಬೇಕು.

ದಾನಿಯ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಕಲಿಯುವವರ ವರ್ಷ ಹಾಗೆ ನಡೆಯುವುದಿಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಮಧ್ಯಾಹ್ನದ ತರಗತಿಗೆ ಯಾರೂ ಬರಲಾರರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಮಾನ್ವಿ ಭಾಗದಲ್ಲಿ ಭತ್ತದ ನಾಟಿಯ ದಿನಗಳೂ ಹಾಗೆಯೇ. ಸುಗ್ಗಿ ಮುಗಿದ ಮೇಲೆ ದೇವದುರ್ಗದ ಅನೇಕ ಕುಟುಂಬಗಳು ಬೆಂಗಳೂರು ಮೊದಲಾದ ಕಡೆಗೆ ಗುಳೆ ಹೋಗುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಗುರಿ ಮುಗಿಸುವ ಆತುರದಲ್ಲಿ ತರಗತಿ ಇಟ್ಟರೆ ಅತ್ಯಂತ ಬಡವರೇ ಊರಲ್ಲಿರುವುದಿಲ್ಲ. ಗುಳೆ ಹೋಗುವವರಿಗೆ ಈ ಕಲಿಕೆ ಇನ್ನೂ ಅವಶ್ಯಕ: ಊರಿಗೆ ಹಣ ಕಳುಹಿಸುವುದು, ಮಕ್ಕಳ ಶಾಲೆಯೊಂದಿಗೆ ಸಂಪರ್ಕದಲ್ಲಿರುವುದು, ಪಡಿತರವನ್ನು ಬೇರೆ ಊರಿನಲ್ಲಿ ಪಡೆಯುವುದು ಎಲ್ಲವೂ ಮೊಬೈಲ್ ಮೂಲಕವೇ ಆಗುತ್ತಿದೆ. ತರಗತಿಯ ವೇಳಾಪಟ್ಟಿಯನ್ನು ಸಂಸ್ಥೆಯ ಕಚೇರಿಗೆ ಬಿಡದೆ ವಾರ್ಡ್ ಸಭೆಯಲ್ಲಿ ನಿರ್ಧರಿಸುವುದು ಸೂಕ್ತ.

ಭಾಷೆಯ ವಿಷಯವೂ ಇದೆ. ತಾಂಡಾಗಳಲ್ಲಿ ಲಂಬಾಣಿ, ಕ್ಯಾಂಪ್‌ಗಳಲ್ಲಿ ತೆಲುಗು, ಕೆಲವು ಓಣಿಗಳಲ್ಲಿ ಉರ್ದು ಮನೆಮಾತು. ಆ ಭಾಷೆಯನ್ನಾಡುವ ಸ್ಥಳೀಯ ಯುವತಿಯರನ್ನೇ ತರಬೇತುದಾರರಾಗಿ ನೇಮಿಸಿಕೊಂಡರೆ ಮಹಿಳೆಯರು ಅಂಜಿಕೆಯಿಲ್ಲದೆ ಕೇಳುತ್ತಾರೆ. ಅಕ್ಷರ ಬಾರದವರೂ ಅಂಕಿಗಳನ್ನು ಗುರುತಿಸಬಲ್ಲರು, ಧ್ವನಿ ಸಂದೇಶ ಬಳಸಬಲ್ಲರು. ಪಠ್ಯಕ್ರಮ ಅಲ್ಲಿಂದಲೇ ಆರಂಭವಾಗಬೇಕು.

6. ಒಡಂಬಡಿಕೆಯಲ್ಲಿ ಬರೆಯಿಸಬೇಕಾದ ಅಂಶಗಳು

ಯಂತ್ರಗಳ ಒಡೆತನ: 2021ರ ಜನವರಿ 22ರಂದು ತಿದ್ದುಪಡಿಯಾದ ಸಿ.ಎಸ್.ಆರ್. ನಿಯಮಗಳ ಪ್ರಕಾರ ಈ ಹಣದಿಂದ ಕೊಂಡ ಶಾಶ್ವತ ಆಸ್ತಿಯು ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ಅದು ಸಿ.ಎಸ್.ಆರ್. ನೋಂದಣಿ ಹೊಂದಿದ ಸಂಸ್ಥೆಯ ಬಳಿ, ಅಥವಾ ಸ್ವಸಹಾಯ ಸಂಘದಂತಹ ಫಲಾನುಭವಿಗಳ ಸಮೂಹದ ಬಳಿ, ಅಥವಾ ಸಾರ್ವಜನಿಕ ಪ್ರಾಧಿಕಾರದ ಬಳಿ ಇರಬೇಕು. ಗ್ರಾಮ ಪಂಚಾಯತಿಯು ಸಾರ್ವಜನಿಕ ಪ್ರಾಧಿಕಾರ. ಅಂದರೆ ಕಂಪ್ಯೂಟರ್, ಟ್ಯಾಬ್, ಬ್ಯಾಟರಿಗಳನ್ನು ಆರಂಭದಿಂದಲೇ ಪಂಚಾಯತಿಯ ಅಥವಾ ಸಂಜೀವಿನಿ ಒಕ್ಕೂಟದ ಹೆಸರಿಗೆ ನೀಡುವಂತೆ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಕೇಳದಿದ್ದರೆ ಅವು ಸಂಸ್ಥೆಯ ಆಸ್ತಿಯಾಗಿಯೇ ಉಳಿದು, ಯೋಜನೆ ಮುಗಿದ ದಿನ ನಗರಕ್ಕೆ ಹಿಂದಿರುಗುತ್ತವೆ. ಪಂಚಾಯತಿಗೆ ಬಂದ ಪ್ರತಿಯೊಂದು ಯಂತ್ರವನ್ನೂ ಕ್ರಮಸಂಖ್ಯೆಯೊಂದಿಗೆ ದಾಸ್ತಾನು ವಹಿಯಲ್ಲಿ ನಮೂದಿಸಬೇಕು.

ಕಲಿಕಾರ್ಥಿಗಳ ಆಯ್ಕೆ: ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಓದಬೇಕು. ಉದ್ಯೋಗ ಖಾತ್ರಿ ಕೂಲಿಕಾರರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಒಂಟಿ ಮಹಿಳೆಯರು, ಅಂಗವಿಕಲರು ಎಷ್ಟು ಜನ ಎಂಬುದನ್ನು ಸಂಖ್ಯೆಯಲ್ಲಿಯೇ ಬರೆಯಬೇಕು.

ಕಲಿಕೆಯ ಅಳತೆ: ಪ್ರಮಾಣಪತ್ರದ ಜೊತೆಗೆ ಐದು ಕೆಲಸಗಳನ್ನು ಗುರಿಯಾಗಿಡಬಹುದು. ತನ್ನ ಖಾತೆಗೆ ಹಣ ಜಮೆಯಾಗಿರುವುದನ್ನು ತಾನೇ ನೋಡುವುದು. ಒ.ಟಿ.ಪಿ. ಮತ್ತು ಪಿನ್ ಯಾರಿಗೂ ಹೇಳದಿರುವುದು. ಬೆರಳಚ್ಚು ನೀಡಿದ ಮೇಲೆ ರಸೀದಿ ಕೇಳಿ ಪಡೆಯುವುದು. ಆಧಾರ್ ಬೆರಳಚ್ಚನ್ನು ಲಾಕ್ ಮಾಡುವುದು ಮತ್ತು ಬೇಕಾದಾಗ ತೆರೆಯುವುದು. ಹಣ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡುವುದು.

ಮಾಹಿತಿಯ ರಕ್ಷಣೆ: ದಾನಿಗೆ ವರದಿ ಸಲ್ಲಿಸಲೆಂದು ಕಲಿಕಾರ್ಥಿಗಳ ಆಧಾರ್ ಪ್ರತಿ, ಬ್ಯಾಂಕ್ ಪುಸ್ತಕದ ಪ್ರತಿ, ಛಾಯಾಚಿತ್ರ ಸಂಗ್ರಹಿಸುವುದು ವಾಡಿಕೆಯಾಗಿದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅಂಗೀಕಾರವಾಗಿದೆ. ಅಗತ್ಯಕ್ಕಿಂತ ಹೆಚ್ಚು ದಾಖಲೆ ಪಡೆಯಬಾರದು, ಪಡೆಯುವ ಮುನ್ನ ತಿಳಿಸಿ ಒಪ್ಪಿಗೆ ಕೇಳಬೇಕು ಎಂದು ಒಡಂಬಡಿಕೆಯಲ್ಲಿರಲಿ. ಎಚ್ಚರಿಕೆ ಕಲಿಸಲು ಬಂದ ತರಗತಿಯೇ ಎಚ್ಚರಿಕೆ ತಪ್ಪಬಾರದು.

ವರದಿ: ಮೂರು ತಿಂಗಳಿಗೊಮ್ಮೆ ಸಂಸ್ಥೆಯು ಸಾಮಾನ್ಯ ಸಭೆಗೆ, ವರ್ಷಕ್ಕೊಮ್ಮೆ ಗ್ರಾಮ ಸಭೆಗೆ ಲೆಕ್ಕ ಮತ್ತು ಪ್ರಗತಿ ಮಂಡಿಸಬೇಕು.

7. ಅನುದಾನ ಮುಗಿದ ನಂತರದ ವ್ಯವಸ್ಥೆ

ಸಿ.ಎಸ್.ಆರ್. ನಿಯಮಗಳಲ್ಲಿ ಬಹುವರ್ಷದ ಯೋಜನೆಗೂ ಆರಂಭದ ಹಣಕಾಸು ವರ್ಷವನ್ನು ಬಿಟ್ಟು ಗರಿಷ್ಠ ಮೂರು ವರ್ಷಗಳ ಮಿತಿ ಇದೆ. ಹಣ ನಿಲ್ಲುವುದು ಮೊದಲ ದಿನವೇ ಗೊತ್ತಿರುವ ಸಂಗತಿ. ಆದ್ದರಿಂದ ಮುಂದಿನ ವ್ಯವಸ್ಥೆಯನ್ನೂ ಮೊದಲ ದಿನವೇ ಯೋಚಿಸಬೇಕು.

ರಾಜ್ಯದಲ್ಲಿಯೇ ಇದಕ್ಕೊಂದು ಮಾದರಿ ಇದೆ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡವು; ಇಂದು ಅವು ಅರಿವು ಕೇಂದ್ರಗಳೆಂದು ಪರಿಚಿತವಾಗಿವೆ. ಶಿಕ್ಷಣ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ಡೆಲ್ ಕಂಪನಿಯ ಸಹಯೋಗದಲ್ಲಿ ಇಲಾಖೆಯು ನಡೆಸಿದ ಗ್ರಾಮ ಡಿಜಿ ವಿಕಸನ ಕಾರ್ಯಕ್ರಮದಲ್ಲಿ ಟಿ.ವಿ. ಪರದೆ, ಮೊಬೈಲ್ ಸಾಧನಗಳು ಮತ್ತು ಕನ್ನಡದ ಕಲಿಕಾ ಸಾಮಗ್ರಿಯನ್ನು ಈ ಗ್ರಂಥಾಲಯಗಳಿಗೇ ನೀಡಲಾಯಿತು. ಹೊಸ ಕೊಠಡಿ, ಹೊಸ ನಾಮಫಲಕ ಬೇಕಾಗಲಿಲ್ಲ. ಸ್ಥಳ ಪಂಚಾಯತಿಯದು, ಮೇಲ್ವಿಚಾರಕರು ಪಂಚಾಯತಿಯ ವ್ಯವಸ್ಥೆಯವರು. ಹೊರಗಿನ ಅನುದಾನ ನಿಂತರೂ ಬಾಗಿಲು ತೆರೆಯುವ ವ್ಯಕ್ತಿ ಅಲ್ಲಿಯೇ ಇರುತ್ತಾರೆ. ಹೊಸ ಸಂಸ್ಥೆಗಳು ಬಂದಾಗಲೂ ಅರಿವು ಕೇಂದ್ರವನ್ನೇ ಕಲಿಕೆಯ ಸ್ಥಳವಾಗಿ ಸೂಚಿಸುವುದು ಈ ಕಾರಣಕ್ಕೆ ಹಿತಕರ.

ವ್ಯಕ್ತಿಗಳ ವಿಷಯದಲ್ಲಿಯೂ ಇದೇ ತತ್ವ. ಸಂಜೀವಿನಿ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರು, ಬಿ.ಸಿ. ಸಖಿ, ಕಾಯಕ ಬಂಧು ಇವರು ಊರಿನವರೇ. ಸಂಸ್ಥೆಯ ತರಬೇತುದಾರರು ಮೊದಲ ವರ್ಷ ಕಲಿಸಲಿ. ಎರಡನೆಯ ವರ್ಷ ಇವರೊಂದಿಗೆ ಸೇರಿ ಕಲಿಸಲಿ. ಮೂರನೆಯ ವರ್ಷ ಇವರೇ ಕಲಿಸಲಿ, ಸಂಸ್ಥೆ ನೋಡಿಕೊಳ್ಳಲಿ. ಈ ಹಂತಗಳನ್ನು ಒಡಂಬಡಿಕೆಯಲ್ಲಿ ದಿನಾಂಕ ಸಹಿತ ಬರೆಯಿಸಬಹುದು.

ವೆಚ್ಚದ ಅಂದಾಜನ್ನೂ ಮೊದಲೇ ಮಾಡಬೇಕು. ಕೇವಲ ಲೆಕ್ಕ ತೋರಿಸಲು ಒಂದು ಉದಾಹರಣೆ: ಅಂತರ್ಜಾಲಕ್ಕೆ ತಿಂಗಳಿಗೆ 1,000 ರೂ., ದುರಸ್ತಿಗೆ 1,000 ರೂ., ಅರೆಕಾಲಿಕ ಕಲಿಸುವವರ ಗೌರವಧನ 3,000 ರೂ. ಎಂದಿಟ್ಟುಕೊಂಡರೆ ವರ್ಷಕ್ಕೆ 60,000 ರೂ. ಪಂಚಾಯತಿಯ ಸ್ವಂತ ಸಂಪನ್ಮೂಲದಿಂದ ಇಷ್ಟು ಸಾಧ್ಯವೇ, ಒಕ್ಕೂಟ ಎಷ್ಟು ಭರಿಸಬಲ್ಲದು ಎಂಬುದನ್ನು ಚರ್ಚಿಸಿ ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಬೇಕು. ಅಷ್ಟು ಸಾಧ್ಯವಿಲ್ಲವೆಂದಾದರೆ ಹತ್ತು ಕಂಪ್ಯೂಟರ್‌ಗಳ ಬದಲು ನಾಲ್ಕನ್ನು ಕೇಳುವುದೇ ಜಾಣತನ.

ಮುಂದಿನ ಕ್ರಮ

ಸಂಸ್ಥೆಗಳು ತಾವಾಗಿಯೇ ಬರಲೆಂದು ಕಾಯಬೇಕಾಗಿಲ್ಲ. ಮುಂದಿನ ವಾರ್ಡ್ ಸಭೆಗಳಲ್ಲಿ ಎರಡು ಪ್ರಶ್ನೆಗಳನ್ನು ಕೇಳಿ ನಡವಳಿಯಲ್ಲಿ ದಾಖಲಿಸಬಹುದು: ಖಾತೆಗೆ ಬಂದ ಹಣವನ್ನು ತಾವೇ ನೋಡಿಕೊಳ್ಳಬಲ್ಲ ಮಹಿಳೆಯರು ಎಷ್ಟು ಜನ? ಇನ್ನೊಬ್ಬರ ಕೈಗೆ ಫೋನ್ ಕೊಡುವವರು ಎಷ್ಟು ಜನ? ಹೀಗೆ ದೊರೆತ ಸಂಖ್ಯೆ, ಅರಿವು ಕೇಂದ್ರದಲ್ಲಿರುವ ಸೌಲಭ್ಯದ ವಿವರ ಮತ್ತು ಪಂಚಾಯತಿಯು ಭರಿಸಬಲ್ಲ ವೆಚ್ಚ, ಈ ಮೂರನ್ನೂ ಒಂದು ಪುಟದಲ್ಲಿ ಬರೆದಿಟ್ಟುಕೊಂಡರೆ ಅದೇ ಪಂಚಾಯತಿಯ ಬೇಡಿಕೆ ಪತ್ರವಾಗುತ್ತದೆ. ಅನುದಾನ ನೀಡುವವರಾಗಲಿ ತರುವವರಾಗಲಿ ಬಂದಾಗ, ಅವರ ಪ್ರಸ್ತಾವನೆಯನ್ನು ಓದುವ ಮುನ್ನ ಈ ಪುಟವನ್ನು ಅವರ ಮುಂದಿಡಬಹುದು.